ಕಾಂಟೆಸ್ಸಾಗೆ ಮೊದಲ ಅಪ್‌ಗ್ರೇಡ್ ಯಾವುದು: ಕಾಸರಗೋಡಿನ ಒಂದು ಕಾರಿನ ಪ್ರಕರಣ ಅಧ್ಯಯನ

ಕಾರು ಹಿಂದೂಸ್ತಾನ್ ಮೋಟರ್ಸ್‌ನ ಕಾಂಟೆಸ್ಸಾ ಕ್ಲಾಸಿಕ್. 1990ರ ದಶಕದ್ದು, ಪೆಟ್ರೋಲ್ ಎಂಜಿನ್, ಕೆಎಲ್ 14 ನೋಂದಣಿ. ಮನೆ ಬದಿಯಡ್ಕ ಮತ್ತು ಪೆರ್ಲದ ನಡುವೆ ಎಲ್ಲೋ ಎಂದಷ್ಟೇ ತಿಳಿದರೆ ಸಾಕು. ಅಡಿಕೆ ತೋಟದ ಮಾಲಕರೊಬ್ಬರು ಕೊಂಡು, ಬಹುಕಾಲ ಓಡಿಸಿ, ಆಮೇಲೆ ಶೆಡ್ಡಿನಲ್ಲಿ ನಿಲ್ಲಿಸಿದ್ದ ಕಾರು ಅವರ ಸೋದರಳಿಯನ ಕೈಗೆ ಬಂತು. ಇಲ್ಲಿ ಅವರನ್ನು ಮಾವ, ಅಳಿಯ ಎಂದೇ ಕರೆಯಲಾಗಿದೆ. ಕುಂಬಳೆ ಕಡೆಯ ಮೆಕ್ಯಾನಿಕ್ಕಿನ ಹೆಸರನ್ನೂ ಬಿಡಲಾಗಿದೆ. ಖರ್ಚಿನ ಅಂಕಿಗಳನ್ನು ಹತ್ತಿರದ ಐನೂರಕ್ಕೆ ಸರಿಹೊಂದಿಸಲಾಗಿದೆ.

ಅಳಿಯನ ಬಳಿ ಇದ್ದದ್ದು 1,60,000 ರೂಪಾಯಿ. ಕೇಳಿದ್ದು ಒಂದೇ ಪ್ರಶ್ನೆ: ಪಿಕಪ್ ಬರಬೇಕಾದರೆ ಮೊದಲು ಎಂತ ಹಾಕಬೇಕು?

ಹಿನ್ನೆಲೆ

ಕಾಂಟೆಸ್ಸಾವನ್ನು ಭಾರತದ ಮಸಲ್ ಕಾರು ಎಂದು ಕರೆಯುವ ರೂಢಿ ಅದರ ರೂಪದಿಂದ ಬಂದದ್ದು. ಉದ್ದನೆಯ ಬಾನೆಟ್ಟು, ಅಗಲ ಮೋರೆ, ಹಿಂದಿನ ಚಕ್ರಗಳಿಗೆ ಶಕ್ತಿ. ಮೂಲ ವಿನ್ಯಾಸ 1970ರ ದಶಕದ ಬ್ರಿಟನ್ನಿನ ವಾಕ್ಸ್‌ಹಾಲ್ ಕಾರಿನದು. ನಮ್ಮಲ್ಲಿ ತಯಾರಾದದ್ದು 1984ರಿಂದ 2002ರವರೆಗೆ. ಮೊದಲ ಕಾರುಗಳಲ್ಲಿ ಅಂಬಾಸಿಡರಿನ 1.5 ಲೀಟರ್ ಎಂಜಿನ್ ಇತ್ತು, ಆ ದೇಹಕ್ಕೆ ಅದು ಏನೇನೂ ಸಾಲುತ್ತಿರಲಿಲ್ಲ. ಬಳಿಕ ಇಸುಜುವಿನ 1,817 ಸಿಸಿ ಎಂಜಿನ್ನು, ಐದು ಗೇರಿನ ಪೆಟ್ಟಿಗೆ ಬಂದವು. ಈ ಪ್ರಕರಣದ ಕಾರು ಎರಡನೆಯ ಬಗೆಯದು.

ಒಂದು ವ್ಯತ್ಯಾಸ ಮೊದಲೇ ಮನಸ್ಸಿನಲ್ಲಿರಲಿ. ಅಮೆರಿಕದ ಮಸಲ್ ಕಾರಿನಲ್ಲಿ ಸಾಮಾನ್ಯವಾಗಿ ಐದು ಲೀಟರಿಗೂ ಮೀರಿದ ವಿ8 ಎಂಜಿನ್ ಇರುತ್ತದೆ. ಅಲ್ಲಿ ಇಪ್ಪತ್ತು ಕುದುರೆ (ಅಶ್ವಶಕ್ತಿ) ಕಳೆದುಹೋದರೂ ಓಡಿಸುವವನಿಗೆ ಗೊತ್ತಾಗದಿರಬಹುದು. ಕಾಂಟೆಸ್ಸಾದ ಇಸುಜು ಎಂಜಿನ್ ಹೊಸದಾಗಿದ್ದಾಗಲೇ ಕೊಡುತ್ತಿದ್ದದ್ದು ಎಂಬತ್ತೈದರ ಆಸುಪಾಸಿನ ಅಶ್ವಶಕ್ತಿ. ಕಾರಿನ ತೂಕವೋ ಒಂದು ಟನ್ನಿಗಿಂತ ಹೆಚ್ಚು. ಹೀಗಾಗಿ ಇಲ್ಲಿ ಹತ್ತು ಕುದುರೆ ಸೋರಿದರೆ ಕಾಲಡಿಯ ಪೆಡಲಿಗೇ ಗೊತ್ತಾಗುತ್ತದೆ, ಹತ್ತು ಮರಳಿ ಬಂದರೂ ಹಾಗೆಯೇ. ಬಜೆಟ್ ಸಣ್ಣದಿರುವವರಿಗೆ ಇದು ಅನುಕೂಲದ ಸಂಗತಿ.

ಓಡಾಟ ಎಲ್ಲಿ ಎಂಬುದನ್ನೂ ಬರೆದಿಟ್ಟುಕೊಂಡರು. ವಾರಕ್ಕೆ ನಾಲ್ಕೈದು ದಿನ ಕುಂಬಳೆ, ಕಾಸರಗೋಡು. ತಿಂಗಳಿಗೊಮ್ಮೆ ಎನ್‌ಎಚ್ 66ರಲ್ಲಿ ಮಂಗಳೂರು. ವರ್ಷಕ್ಕೆ ಎರಡು ಮೂರು ಸಲ ಜಾಲ್ಸೂರು, ಸುಳ್ಯ ದಾಟಿ ಸಂಪಾಜೆ ಘಾಟಿ ಹತ್ತಿ ಮಡಿಕೇರಿ. ಅಂದರೆ ಏರು, ತಿರುವು, ಉಬ್ಬು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆ. ಎಂಜಿನ್ 2,000ದಿಂದ 3,500 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ನಡುವೆಯೇ ಹೆಚ್ಚು ಹೊತ್ತು ಇರುವ ಓಡಾಟ ಇದು. 5,500ರ ಮೇಲೆ ಶಕ್ತಿ ಕೊಡುವ ಬಿಡಿಭಾಗಕ್ಕೆ ಇಲ್ಲಿ ಕೆಲಸವೇ ಇಲ್ಲ. ಈ ಒಂದು ಟಿಪ್ಪಣಿ ಮುಂದೆ ಹಲವು ಆಮಿಷಗಳನ್ನು ದೂರ ಇಟ್ಟಿತು.

ಮೂರು ದಾರಿಗಳು

ಮೊದಲ ಸಲಹೆ ಅಳಿಯನ ಗೆಳೆಯರದ್ದು. "ಇದ್ದ ಎಂಜಿನ್ ತೆಗೆದು ಜಪಾನಿನ ಎರಡು ಲೀಟರಿನದ್ದು ಕೂರಿಸುವ" ಎಂದರು. ಬಳಸಿದ ಜಪಾನಿ ಎಂಜಿನ್ ಮತ್ತು ಗೇರ್‌ಬಾಕ್ಸ್ ಎರಡನ್ನೂ ಕೊಡುತ್ತೇವೆ ಎಂದವರ ದರ 1,40,000 ರೂಪಾಯಿ. ಬಜೆಟ್ಟಿನೊಳಗೇ ಇದೆ ಎಂದು ಅಳಿಯನಿಗೆ ಹುರುಪು. ಮೆಕ್ಯಾನಿಕ್ ಕಾಗದ ತೆಗೆದುಕೊಂಡು ಉಳಿದದ್ದನ್ನು ಬರೆದರು. ಎಂಜಿನ್ ಮೌಂಟ್, ಗೇರ್‌ಬಾಕ್ಸ್ ಕೆಳಗಿನ ಅಡ್ಡಪಟ್ಟಿ, ಉದ್ದ ಬದಲಿಸಿ ಬ್ಯಾಲೆನ್ಸ್ ಮಾಡಿಸಿದ ಪ್ರೊಪೆಲ್ಲರ್ ಶಾಫ್ಟ್, ದೊಡ್ಡ ರೇಡಿಯೇಟರ್, ಟ್ಯಾಂಕಿನೊಳಗೆ ಎಲೆಕ್ಟ್ರಿಕ್ ಪಂಪು, ಮರಳುವ ಇಂಧನದ ಪೈಪು, ಇಸಿಯು (ಎಂಜಿನ್ನಿನ ಎಲೆಕ್ಟ್ರಾನಿಕ್ ನಿಯಂತ್ರಕ) ಮತ್ತು ಅದರ ವೈರಿಂಗ್, ಹೊಸ ಶಕ್ತಿಗೆ ತಕ್ಕ ಬ್ರೇಕು. ಒಟ್ಟು 3,40,000 ದಾಟಿತು. ಇಂಥ ಕೆಲಸಗಳಲ್ಲಿ ಎಂಜಿನ್ನಿನ ಬೆಲೆ ಒಟ್ಟು ಖರ್ಚಿನ ಅರ್ಧಕ್ಕಿಂತ ಕಡಿಮೆ ಇರುವುದೇ ಸಾಮಾನ್ಯ. ಕಾರು ಅರ್ಧದಲ್ಲಿ ನಿಂತು, ಕೊನೆಗೆ ಗುಜರಿಗೆ ಹೋಗುವುದು ಬಹುತೇಕ ಈ ಲೆಕ್ಕ ತಪ್ಪಿದ್ದರಿಂದಲೇ.

ಹಣಕ್ಕಿಂತ ದೊಡ್ಡ ತಡೆ ಕಾನೂನಿನದು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೆ ಆರ್‌ಸಿಯಲ್ಲಿರುವ ವಿವರ ಬೇರೆಯಾಗುವಂತೆ ವಾಹನ ಬದಲಿಸುವಂತಿಲ್ಲ. ಈ ಸೆಕ್ಷನ್ನಿನ ಅರ್ಥವನ್ನು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಬಿಗಿಯಾಗಿ ಹೇಳಿದ ಪ್ರಕರಣ ಹೊರಟದ್ದು ಕೇರಳದಿಂದಲೇ. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿ ಇಲ್ಲದ ಪ್ರತಿಯೊಂದು ಬದಲಾವಣೆಗೂ ಮಾಲಕರಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೇ ಎರಡೂ ಎಂಬ ಅಂಶ ಸೇರಿತು. ಹದಿನೈದು ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ಆಗ ಎಂಜಿನ್ ಸಂಖ್ಯೆ ನೋಡುತ್ತಾರೆ. ಅನುಮತಿ ಪಡೆಯದ ಎಂಜಿನ್ ಕೂತಿದ್ದರೆ ಕಾರು ಅಲ್ಲೇ ನಿಲ್ಲುತ್ತದೆ, ಅಪಘಾತವಾದರೆ ವಿಮೆಯವರ ಜತೆಗೂ ಜಗಳ. ಮಾವನಿಗೆ ಇಷ್ಟು ಸಾಕಾಯಿತು. "ಆರ್‌ಸಿ ಹಾಳು ಮಾಡುವ ಕೆಲಸ ಬೇಡ, ಕಾರು ಇನ್ನೂ ನನ್ನ ಹೆಸರಿನಲ್ಲುಂಟು" ಎಂದರು.

ಎರಡನೆಯದು ಬಿಡಿಭಾಗಗಳ ಪಟ್ಟಿ: ಜೋಡಿ ಸೈಡ್‌ಡ್ರಾಫ್ಟ್ ಕಾರ್ಬ್ಯುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ), 4-2-1 ಹೆಡರ್ (ನಾಲ್ಕು ಸಿಲಿಂಡರಿನ ಹೊಗೆ ಪೈಪುಗಳನ್ನು ಎರಡಾಗಿ, ಆಮೇಲೆ ಒಂದಾಗಿ ಕೂಡಿಸುವ ಜೋಡಣೆ), ಎರಡೂವರೆ ಇಂಚಿನ ಸೈಲೆನ್ಸರ್ ಪೈಪು, ಅಗಲ ರಿಮ್ಮು. ಹೆಚ್ಚುಕಡಿಮೆ 1,45,000. ಮೂರನೆಯದನ್ನು ಮೆಕ್ಯಾನಿಕ್ ಹೇಳಿದರು: ಮೊದಲು ಅಳೆಯುವ, ಆಮೇಲೆ ಖರೀದಿಸುವ.

ಅಳಿಯ ಒಪ್ಪಿದ್ದು ಅರೆಮನಸ್ಸಿನಿಂದ. "ಇಚ್ಚ, ಅಳತೆಗೆ ಎಷ್ಟು ದಿನ ಬೇಕು?" ಎಂದು ಮೆಕ್ಯಾನಿಕ್ಕನ್ನು ಕೇಳಿದ. ಒಂದು ದಿನ ಸಾಕು ಎಂದರು.

ಅಳತೆಯ ದಿನ

ಪರಿಚಯದವರ ಮುರಕಲ್ಲು ಕೋರೆಗೆ ಹೋಗುವ ಖಾಸಗಿ ಟಾರು ರಸ್ತೆಯಲ್ಲಿ ಆರು ನೂರು ಮೀಟರಿನಷ್ಟು ನೇರ ತುಂಡು ಇತ್ತು. ಮೂರನೇ ಗೇರಿನಲ್ಲಿ ಗಂಟೆಗೆ 40 ಕಿ.ಮೀ.ನಿಂದ 80ಕ್ಕೆ ಏರಲು ಬೇಕಾದ ಹೊತ್ತನ್ನು ಫೋನಿನ ಜಿಪಿಎಸ್ ಆ್ಯಪ್‌ನಿಂದ ಅಳೆದರು. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ಎರಡರ ಸರಾಸರಿ. ರಸ್ತೆಯ ಇಳಿಜಾರು, ಗಾಳಿ ಎರಡೂ ಹೀಗೆ ಸರಿದೂಗುತ್ತವೆ. ಸೊನ್ನೆಯಿಂದ ನೂರಕ್ಕೆ ಅಳೆಯುವ ಹಂಬಲ ಹಲವರಿಗೆ. ಅದರಲ್ಲಿ ಕ್ಲಚ್ ಬಿಡುವ ಕೈಚಳಕವೇ ಅರ್ಧ ಸೇರಿಕೊಂಡು ಎಂಜಿನ್ನಿನ ನಿಜಸ್ಥಿತಿ ಮರೆಯಾಗುತ್ತದೆ. ಒಂದೇ ಗೇರಿನ ಅಳತೆ ಹೆಚ್ಚು ಪ್ರಾಮಾಣಿಕ.

ಮೊದಲ ಫಲಿತಾಂಶ 14.2 ಸೆಕೆಂಡು. 80ರಿಂದ ನಿಲ್ಲುವವರೆಗಿನ ಬ್ರೇಕ್ ದೂರ 46 ಮೀಟರು. ಒಣ ಟಾರಿನ ಮೇಲೆ ಇದು ತೀರಾ ಕೆಟ್ಟ ಅಂಕಿ, ಮಳೆಗಾಲದಲ್ಲಿ ಏನಾದೀತು ಎಂದು ಯೋಚಿಸುವುದೇ ಬೇಡ.

ಮರಳಿ ಗ್ಯಾರೇಜಿಗೆ ಬಂದು ಒಂದೊಂದಾಗಿ ನೋಡಿದರು.

ಅಳಿಯ ಪೆಡಲನ್ನು ನೆಲದವರೆಗೆ ಒತ್ತಿ ಹಿಡಿದ. ಮೆಕ್ಯಾನಿಕ್ ಏರ್ ಕ್ಲೀನರ್ ತೆಗೆದು ಕಾರ್ಬ್ಯುರೇಟರಿನೊಳಗೆ ಟಾರ್ಚ್ ಹಿಡಿದರು. ಗಾಳಿಯ ದಾರಿ ತೆರೆಯುವ ಥ್ರಾಟಲ್ ತಟ್ಟೆ ಪೂರ್ತಿ ನೆಟ್ಟಗಾಗುತ್ತಿರಲಿಲ್ಲ, ಮುಕ್ಕಾಲು ಮಾತ್ರ ತೆರೆಯುತ್ತಿತ್ತು. ಕೇಬಲ್ ಜಗ್ಗಿತ್ತು, ಮೇಲಿಂದ ಮೇಲೆ ಹಾಸಿದ ಎರಡು ಪದರ ಮ್ಯಾಟು ಪೆಡಲಿಗೆ ಅಡ್ಡವಾಗಿತ್ತು. ಹಳೆ ಕಾರುಗಳಲ್ಲಿ ಇದು ಎಷ್ಟು ಸಾಮಾನ್ಯವೆಂದರೆ, ಯಾವ ಬಿಡಿಭಾಗ ಕೊಳ್ಳುವ ಮುನ್ನವೂ ಇಬ್ಬರು ಸೇರಿ ಈ ಪರೀಕ್ಷೆ ಮಾಡಲೇಬೇಕು. ಖರ್ಚು ಇಲ್ಲ, ಐದು ನಿಮಿಷದ ಕೆಲಸ.

ಜ್ಯಾಕ್ ಏರಿಸಿ ಚಕ್ರಗಳನ್ನು ಕೈಯಲ್ಲಿ ತಿರುಗಿಸಿದಾಗ ಹಿಂದಿನ ಎಡ ಚಕ್ರ ಬಿಗಿಯಾಗಿತ್ತು. ಕರಾವಳಿಯ ತೇವಕ್ಕೆ ವೀಲ್ ಸಿಲಿಂಡರ್ ತುಕ್ಕು ಹಿಡಿದು ಪಿಸ್ಟನ್ ಹಿಂದೆ ಸರಿಯುತ್ತಿರಲಿಲ್ಲ. ಲೈನರ್ ಡ್ರಮ್ಮಿಗೆ ಸದಾ ಉಜ್ಜುತ್ತಿತ್ತು. ಅಂದರೆ ಕಾರು ಬ್ರೇಕ್ ಹಿಡಿದುಕೊಂಡೇ ಓಡುತ್ತಿತ್ತು.

ಕಂಪ್ರೆಷನ್ ಪರೀಕ್ಷೆ (ಸಿಲಿಂಡರ್ ಎಷ್ಟು ಒತ್ತಡ ಹಿಡಿದಿಡುತ್ತದೆ ಎಂದು ನೋಡುವುದು): ಎಂಜಿನ್ ಬಿಸಿ ಇರುವಾಗ, ನಾಲ್ಕೂ ಪ್ಲಗ್ ತೆಗೆದು, ಥ್ರಾಟಲ್ ಪೂರ್ತಿ ತೆರೆದು, ಚಾರ್ಜ್ ತುಂಬಿದ ಬ್ಯಾಟರಿಯಿಂದ ಕ್ರ್ಯಾಂಕ್ ಮಾಡಿದರು. ಬಂದದ್ದು 148, 145, 122, 146 ಪಿಎಸ್‌ಐ. ಮೂರನೆಯದಕ್ಕೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿದರೆ 125. ಆಯಿಲ್ ಬಿಟ್ಟ ಮೇಲೆ ಒತ್ತಡ ಚೆನ್ನಾಗಿ ಏರಿದ್ದರೆ ದೋಷ ಪಿಸ್ಟನ್ ರಿಂಗಿನದು. ಇಲ್ಲಿ ಏರಲಿಲ್ಲ, ಹಾಗಾಗಿ ದೋಷ ವಾಲ್ವಿನ ಕಡೆ. ಟಪ್ಪೆಟ್ (ವಾಲ್ವಿನ ಅಂತರ ಹೊಂದಿಸುವ ಭಾಗ) ಕವರ್ ತೆರೆದಾಗ ಮೂರನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವಿಗೆ ಅಂತರವೇ ಉಳಿದಿರಲಿಲ್ಲ. ವಾಲ್ವು ಪೂರ್ತಿ ಕೂರದೆ ಒತ್ತಡ ಸೋರುತ್ತಿತ್ತು. ಹೀಗೇ ಇನ್ನೂ ಕೆಲವು ಸಾವಿರ ಕಿ.ಮೀ. ಓಡಿಸಿದ್ದರೆ ವಾಲ್ವಿನ ಅಂಚು ಸುಟ್ಟು ಹೆಡ್ ಬಿಚ್ಚಬೇಕಾಗುತ್ತಿತ್ತು. ಮ್ಯಾನ್ಯುವಲ್ ಹೇಳುವ ಅಂತರಕ್ಕೆ ಸರಿಪಡಿಸಿದ ಮೇಲೆ 141 ಬಂತು.

ಈ ಅಂಕಿಗಳೇ ಪ್ರಕರಣದ ದೊಡ್ಡ ತಿರುವು. ನಾಲ್ಕೂ ಸಿಲಿಂಡರ್ ಶೇ 10ರೊಳಗಿನ ವ್ಯತ್ಯಾಸದಲ್ಲಿ ಇವೆ ಎಂದರೆ ಎಂಜಿನ್ ಬಿಚ್ಚುವ ಅಗತ್ಯ ಇಲ್ಲ. 60,000ದಿಂದ ಲಕ್ಷದವರೆಗೆ ನುಂಗುವ ಓವರ್‌ಹಾಲ್ ಪಟ್ಟಿಯಿಂದ ಬಿದ್ದುಹೋಯಿತು. ಇದು ಗೊತ್ತಿಲ್ಲದೆ ಹೆಡರು, ಕಾರ್ಬ್ಯುರೇಟರು ಹಾಕುವವರು ಸೋರುವ ಎಂಜಿನ್ನಿಗೆ ಅಲಂಕಾರ ಮಾಡಿದಂತಾಗುತ್ತದೆ.

ಕೊನೆಗೆ, ಕಿಡಿ ಬೀಳುವ ಹೊತ್ತು ತೋರಿಸುವ ಟೈಮಿಂಗ್ ಲೈಟ್. ಐಡಲಿನಲ್ಲಿ ಕಿಡಿ ಟಿಡಿಸಿಗೆ (ಪಿಸ್ಟನ್ ತೀರಾ ಮೇಲಿರುವ ಸ್ಥಾನಕ್ಕೆ) 8 ಡಿಗ್ರಿ ಮೊದಲು ಬೀಳುತ್ತಿತ್ತು, ಸರಿ ಇತ್ತು. 3,000 ಆರ್‌ಪಿಎಂನಲ್ಲಿ 30ರ ಸುಮಾರಿಗೆ ಹೋಗಬೇಕಾದದ್ದು 14ರಲ್ಲೇ ನಿಂತಿತ್ತು. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನೊಳಗೆ, ವೇಗ ಏರಿದಂತೆ ಕಿಡಿಯನ್ನು ಮುಂದಕ್ಕೆ ತರುವ ಅಡ್ವಾನ್ಸ್ ತೂಕಗಳು ಹಳೆ ಗ್ರೀಸಿಗೆ ಅಂಟಿಕೊಂಡಿದ್ದವು, ವ್ಯಾಕ್ಯೂಮ್ ಡಯಾಫ್ರಾಮ್ ಹರಿದಿತ್ತು. ವೇಗ ಏರಿದಂತೆ ಕಿಡಿ ಬೇಗ ಬೀಳದಿದ್ದರೆ ಉರಿಯುವ ಅನಿಲ ಪಿಸ್ಟನ್ ಕೆಳಗಿಳಿದ ಮೇಲೆ ತಳ್ಳುತ್ತದೆ; ಶಕ್ತಿ ಶಾಖವಾಗಿ ಸೈಲೆನ್ಸರಿಗೆ ಹೋಗುತ್ತದೆ. ಬರೀ ಐಡಲಿನಲ್ಲಿ ಟೈಮಿಂಗ್ ನೋಡಿ "ಸರಿ ಉಂಟು" ಎಂದು ಬಿಡುವುದರಿಂದ ಈ ದೋಷ ವರ್ಷಗಟ್ಟಲೆ ಅಡಗಿರುತ್ತದೆ.

ಮಾಡಿದ ಕ್ರಮ

ಮೊದಲ ದುಡ್ಡು ನಿಲ್ಲುವುದಕ್ಕೆ ಹೋಯಿತು. ಹಿಂದಿನ ಎರಡೂ ವೀಲ್ ಸಿಲಿಂಡರ್, ಲೈನರ್, ಮುಂದಿನ ಪ್ಯಾಡ್, ರಬ್ಬರ್ ಬ್ರೇಕ್ ಹೋಸುಗಳು, ಡಾಟ್ 4 ದ್ರವ: 19,000. ಬ್ರೇಕ್ ದ್ರವ ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಸಂಪಾಜೆ ಇಳಿಯುವಾಗ ಪೆಡಲ್ ಮೆತ್ತಗಾಗುವುದು ಹೀಗೆ. ನಮ್ಮ ಕರಾವಳಿಯಲ್ಲಿ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಬೇಕು.

ಟಯರಿನ ಪಕ್ಕದ ಗೋಡೆಯ ಮೇಲಿನ ನಾಲ್ಕು ಅಂಕಿ 2313 ಎಂದಿತ್ತು: 2013ರ 23ನೇ ವಾರ. ಗೆರೆಗಳು ಆಳವಾಗಿಯೇ ಇದ್ದವು, ಆದರೆ ರಬ್ಬರು ಉಗುರು ಊರದಷ್ಟು ಗಟ್ಟಿ. ಮೂಲ ರಿಮ್ಮನ್ನೇ ಉಳಿಸಿಕೊಂಡು, ಒಟ್ಟು ಎತ್ತರ ಶೇ 2ರೊಳಗೆ ಹೊಂದುವಂತೆ ನೋಡಿ, ಒಂದು ಹಂತ ಅಗಲದ ಟಯರ್ ಹಾಕಿದರು. ಅಲೈನ್‌ಮೆಂಟ್ ಸೇರಿ 24,000. ಸಸ್ಪೆನ್ಷನ್ ಬುಷ್ ಮತ್ತು ಶಾಕ್ ಅಬ್ಸಾರ್ಬರಿಗೆ 21,000. ಬುಷ್ ಸವೆದಿದ್ದರೆ ಅಲೈನ್‌ಮೆಂಟ್ ಯಂತ್ರದ ಮೇಲೆ ಸರಿ ಕಂಡದ್ದು ರಸ್ತೆಯಲ್ಲಿ ಉಳಿಯುವುದಿಲ್ಲ, ಆದ್ದರಿಂದ ಬುಷ್ ಮೊದಲು, ಅಲೈನ್‌ಮೆಂಟ್ ಆಮೇಲೆ. ಬ್ರೇಕ್ ದೂರ 34 ಮೀಟರಿಗೆ ಇಳಿಯಿತು. ಹನ್ನೆರಡು ಮೀಟರ್ ಎಂದರೆ ಕಾಂಟೆಸ್ಸಾದ ಎರಡು ಉದ್ದಕ್ಕಿಂತ ಹೆಚ್ಚು.

ಥ್ರಾಟಲ್ ಕೇಬಲ್ ಸರಿಯಾಗಿ, ಚಕ್ರ ಸಡಿಲವಾದ ಮೇಲೆ ಅದೇ ರಸ್ತೆಯಲ್ಲಿ 12.6 ಸೆಕೆಂಡು. ಶಕ್ತಿಗೆಂದು ಇಟ್ಟ ಹಣದಲ್ಲಿ ಇನ್ನೂ ಒಂದು ರೂಪಾಯಿ ಖರ್ಚಾಗಿರಲಿಲ್ಲ. ಅಳಿಯನಿಗೆ ಅಳತೆಯ ಮೇಲೆ ನಂಬಿಕೆ ಬಂದದ್ದು ಇಲ್ಲಿಂದ.

ಡಿಸ್ಟ್ರಿಬ್ಯೂಟರ್ ಬಿಚ್ಚಿ, ತೂಕಗಳನ್ನು ತೊಳೆದು, ಕಿಡಿಗಾಗಿ ವಿದ್ಯುತ್ತನ್ನು ಕಡಿಯುವ ಪಾಯಿಂಟಿನ ಜಾಗದಲ್ಲಿ ಎಲೆಕ್ಟ್ರಾನಿಕ್ ಮಾಡ್ಯೂಲ್ ಕೂರಿಸಿದರು: 7,500. ಪಾಯಿಂಟು ಸವೆದಂತೆ ಟೈಮಿಂಗ್ ಜಾರುತ್ತದೆ, ಮಳೆಗಾಲದ ತೇವಕ್ಕೆ ಕಿಡಿ ಸೊರಗುತ್ತದೆ. ಈ ಎರಡೂ ಕಾಟ ಮಾಡ್ಯೂಲಿಗೆ ಇಲ್ಲ. ಪ್ಲಗ್, ಲೀಡ್, ಕ್ಯಾಪ್, ರೋಟರ್, ಟಪ್ಪೆಟ್ ಕೆಲಸ ಮತ್ತು ಪರೀಕ್ಷೆಗಳಿಗೆ 8,500.

ಇದರ ಜತೆಗೆ ಏರ್ ಕ್ಲೀನರಿನ ಬಾಯಿ. ಹಳೆ ಡಕ್ಟ್ ಕಳೆದುಹೋಗಿ ಬಾನೆಟ್ಟಿನ ಕೆಳಗಿನ ಬಿಸಿ ಗಾಳಿಯೇ ಒಳಗೆ ಹೋಗುತ್ತಿತ್ತು. ಹೊರಗೆ 33 ಡಿಗ್ರಿ ಇದ್ದಾಗ ಕ್ಲೀನರಿನೊಳಗೆ 68. ಪ್ರತಿ 10 ಡಿಗ್ರಿಗೆ ಗಾಳಿಯ ಸಾಂದ್ರತೆ ಶೇ 3ರಷ್ಟು ಇಳಿಯುತ್ತದೆ. ಅಗ್ಗದ ಹೋಸಿನಲ್ಲಿ ರೇಡಿಯೇಟರಿನ ಮೇಲಂಚಿನ ಬದಿಯಿಂದ ಗಾಳಿ ತಂದಾಗ 41ಕ್ಕೆ ಇಳಿಯಿತು. ಹೋಸಿನ ಬಾಯಿಯನ್ನು ಬಂಪರಿನ ಕೆಳಗೆ ಇಡುವವರಿದ್ದಾರೆ. ಜುಲೈಯಲ್ಲಿ ನಮ್ಮ ರಸ್ತೆಗಳ ತಗ್ಗಿನಲ್ಲಿ ನೀರು ನಿಲ್ಲುವುದನ್ನು ಕಂಡವರು ಹಾಗೆ ಮಾಡಬಾರದು. ಒಂದು ಲೋಟ ನೀರು ಒಳಹೋದರೆ ಕನೆಕ್ಟಿಂಗ್ ರಾಡ್ ಬಾಗಬಹುದು.

ಈಗ 11.3 ಸೆಕೆಂಡು. ಕಿಡಿ, ಟಪ್ಪೆಟ್, ಡಕ್ಟ್ ಮೂರನ್ನೂ ಅಳೆಯದೆ ಒಟ್ಟಿಗೆ ಮಾಡಿದ್ದರಿಂದ ಯಾವುದರ ಪಾಲು ಎಷ್ಟು ಎಂದು ಬೇರ್ಪಡಿಸಲು ಬರುವುದಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬ ನಿಯಮ ಇಲ್ಲಿ ಸಡಿಲವಾಯಿತು, ಅದರ ಫಲ ಮುಂದಿನ ಹಂತದಲ್ಲಿ ಕಂಡಿತು.

ಕೂಲಿಂಗ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಹಿಂದೆ ಯಾರೋ ಥರ್ಮೊಸ್ಟಾಟ್ ಕಿತ್ತೆಸೆದಿದ್ದರು. ಬಿಸಿಯಾಗುವ ಕಾರಿಗೆ ನಮ್ಮ ಕಡೆ ಮಾಡುವ ಮೊದಲ ಚಿಕಿತ್ಸೆಯೇ ಅದು, ತಪ್ಪು ಚಿಕಿತ್ಸೆ. ಹೆದ್ದಾರಿಯಲ್ಲಿ ಎಂಜಿನ್ ತಣ್ಣಗೇ ಉಳಿದು ಪೆಟ್ರೋಲ್ ದಂಡವಾಗುತ್ತದೆ. ಊರೊಳಗಿನ ಸಾಲಿನಲ್ಲಿ ಹೇಗೂ ಬಿಸಿಯಾಗುತ್ತದೆ. ರೇಡಿಯೇಟರ್ ರೀಕೋರ್, 82 ಡಿಗ್ರಿಯ ಥರ್ಮೊಸ್ಟಾಟ್, ಕ್ಯಾಪ್, ಹೋಸುಗಳು, ಫ್ಯಾನಿನ ಸುತ್ತ ತಗಡಿನ ಆವರಣ: 17,000.

ಇ20 ತಂದ ತೊಡಕು

ಕಾರ್ಬ್ಯುರೇಟರ್ ಇರುವ ಕಾರಿನವರು ಈ ಭಾಗವನ್ನು ಗಮನವಿಟ್ಟು ಓದಬೇಕು. ಈಗ ಬಂಕಿನಲ್ಲಿ ಸಿಗುವುದು ಶೇ 20ರವರೆಗೆ ಎಥನಾಲ್ ಬೆರೆತ ಪೆಟ್ರೋಲ್, ಅಂದರೆ ಇ20. ಈ ಕಾರು ತಯಾರಾದ ಕಾಲದ ರಬ್ಬರಿಗೆ ಅದು ಒಗ್ಗುವುದಿಲ್ಲ. ಹೋಸುಗಳು ಉಬ್ಬಿ ಮೆತ್ತಗಾಗಿದ್ದವು, ಪಂಪಿನ ಡಯಾಫ್ರಾಮ್ ಬಿರಿದಿತ್ತು. ಟ್ಯಾಂಕು ಅರ್ಧ ತುಂಬಿದ ಸ್ಥಿತಿಯಲ್ಲಿ ಮಳೆಗಾಲಗಳನ್ನು ಕಳೆದಿತ್ತು. ಎಥನಾಲ್ ತೇವ ಹೀರಿ, ಹೆಚ್ಚಾದ ನೀರು ಎಥನಾಲಿನೊಂದಿಗೆ ತಳಕ್ಕಿಳಿದು ತುಕ್ಕು ಹಿಡಿಸಿತ್ತು. ಟ್ಯಾಂಕ್ ಇಳಿಸಿ ತೊಳೆದು, ಎಥನಾಲ್ ತಾಳುವ ಫ್ಲೋರೋ ರಬ್ಬರಿನ ಹೋಸು, ಪಂಪು ಮತ್ತು ಕಾರ್ಬ್ಯುರೇಟರ್ ಕಿಟ್ ಹಾಕಿದರು: 14,000.

ಆದರೂ ಕೆಲವೇ ದಿನಗಳಲ್ಲಿ ಕುಂಬಳೆಯ ಬಳಿ ಕಾರು ಕೆಮ್ಮಿ ನಿಂತಿತು. ಪಂಪ್ ಹಾಳೆಂದು ಅಳಿಯ ಹೊಸ ಪಂಪಿಗೆ ಹೊರಟಿದ್ದ. ಫಿಲ್ಟರ್ ಬಿಚ್ಚಿದರೆ ಒಳಗೆ ಕಂದು ಕೆಸರು. ಎಥನಾಲ್ ಒಳ್ಳೆಯ ಕ್ಲೀನರು. ಉಕ್ಕಿನ ಪೈಪಿನೊಳಗೆ ದಶಕಗಳಿಂದ ಅಂಟಿದ್ದ ವಾರ್ನಿಷನ್ನು ಕರಗಿಸಿ ತಂದು ಫಿಲ್ಟರಿಗೆ ತುಂಬುತ್ತದೆ. ಇಂಥ ಕಾರಿಗೆ ಮೊದಲ ಸಾವಿರ ಕಿ.ಮೀ.ನಲ್ಲಿ ಎರಡು ಮೂರು ಫಿಲ್ಟರ್ ಬದಲಿಸಲೇಬೇಕು. ಪಾರದರ್ಶಕ ಫಿಲ್ಟರ್ ಹಾಕಿ, ಒಂದು ಹೆಚ್ಚಿನದನ್ನು ಡಿಕ್ಕಿಯಲ್ಲಿಟ್ಟರೆ ಮುಗಿಯಿತು.

ಇನ್ನೊಂದು ತೊಡಕು ಕಣ್ಣಿಗೆ ಕಾಣದ್ದು. ಶುದ್ಧ ಪೆಟ್ರೋಲಿನ ಒಂದು ಪಾಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕು. ಎಥನಾಲ್ ಶೇ 10 ಆದಾಗ ಆ ಸಂಖ್ಯೆ 14.1ರ ಹತ್ತಿರ, ಶೇ 20 ಆದಾಗ 13.5ರ ಹತ್ತಿರ. ಅಂದರೆ ಅಷ್ಟೇ ಗಾಳಿಗೆ ಶೇ 9ರಷ್ಟು ಹೆಚ್ಚು ಇಂಧನ ಬೇಕು. ಹೊಸ ಕಾರುಗಳ ಇಸಿಯು ಇದನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಕಾರ್ಬ್ಯುರೇಟರಿನ ಜೆಟ್ ಎಂದರೆ ಒಂದು ತೂತು, ಅದಕ್ಕೆ ಏನೂ ತಿಳಿಯದು. ಗಾಳಿಗೆ ಇಂಧನ ಸಾಲದೆ ಮಿಶ್ರಣ ಸೊರಗಿ, ಏರಿನಲ್ಲಿ ಎಂಜಿನ್ ಬಿಸಿಯಾಗಿ, ಪಿಕಪ್ ಸಾಯುತ್ತದೆ.

ದೊಡ್ಡ ಪೈಪಿನ ಪಾಠ

ಹಳೆ ಸೈಲೆನ್ಸರ್ ತುಕ್ಕು ಹಿಡಿದು, ಒಳಗಿನ ತಗಡು ಕಳಚಿ ದಾರಿ ಮುಚ್ಚಿತ್ತು, ಹೇಗೂ ಬದಲಿಸಬೇಕಿತ್ತು. ಇಲ್ಲಿ ಗೆಳೆಯರ ಮಾತು ಗೆದ್ದಿತು. ಎರಡೂವರೆ ಇಂಚಿನ ಪೈಪು, ನೇರ ಹಾಯುವ ಸೈಲೆನ್ಸರ್, 9,500 ರೂಪಾಯಿ. ಶಬ್ದ ಕೇಳಿ ಅಳಿಯನಿಗೆ ಕಾರು ಹಾರುತ್ತಿದೆ ಎನಿಸಿತು. ಆ್ಯಪ್ ತೋರಿಸಿದ್ದು 11.6 ಸೆಕೆಂಡು, ಮೊದಲಿಗಿಂತ 0.3 ಹೆಚ್ಚು. ಮತ್ತೊಂದು ದಿನ ಅಳೆದರೂ ಅಷ್ಟೇ.

ಎರಡು ಕಾರಣ. ಎಂಬತ್ತೈದು ಕುದುರೆಯ ಎಂಜಿನ್ನಿಗೆ ಒಂದೂಮುಕ್ಕಾಲರಿಂದ ಎರಡು ಇಂಚಿನ ಪೈಪು ಸಾಕು. ಅದಕ್ಕಿಂತ ದೊಡ್ಡದಾದರೆ ಹೊಗೆಯ ವೇಗ ತಗ್ಗುತ್ತದೆ. ಒಂದು ಸಿಲಿಂಡರಿನ ಹೊಗೆ ಹೊರಡುವಾಗ ಇನ್ನೊಂದರದನ್ನು ಎಳೆದುಕೊಂಡು ಹೋಗುವ ಸೆಳೆತ ಕೆಳಗಿನ ಆರ್‌ಪಿಎಂನಲ್ಲಿ ಸೊರಗುತ್ತದೆ. ಈ ಕಾರಿನ ಓಡಾಟವೆಲ್ಲ ಆ ಆರ್‌ಪಿಎಂನಲ್ಲೇ. ಜತೆಗೆ, ಹೊಗೆ ಸಲೀಸಾಗಿ ಹೊರಟಾಗ ಗಾಳಿ ಹೆಚ್ಚು ಒಳಬಂದು, ಮೊದಲೇ ಸೊರಗಿದ್ದ ಮಿಶ್ರಣ ಇನ್ನಷ್ಟು ಸೊರಗಿತು. ಇವೆರಡರಲ್ಲಿ ಯಾವುದು ಹೆಚ್ಚು ಎಂದು ತಿಳಿಯಲು ಮೊದಲೇ ಮಿಶ್ರಣ ಅಳೆದಿರಬೇಕಿತ್ತು. ಅದನ್ನು ಬಿಟ್ಟಿದ್ದೇ ಈ ಪ್ರಕರಣದ ದುಬಾರಿ ತಪ್ಪು. ಶಬ್ದ ಮಾಲಿನ್ಯಕ್ಕೆ ಕಾಯ್ದೆಯ 190(2)ನೇ ಸೆಕ್ಷನ್ ಅಡಿ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳು ಲೈಸೆನ್ಸ್ ಅಮಾನತು ಆಗಬಹುದು ಎಂಬುದು ಬೇರೆ. ಮಾವ ಅಂಗಳಕ್ಕೆ ಬಂದು ನಿಂತು, "ಇದನ್ನು ತೆಗೆ ಮಾರಾಯ, ತೊಟ್ಟಿಲ ಮಗು ಏಳುತ್ತದೆ" ಎಂದ ಮೇಲೆ ಚರ್ಚೆ ಉಳಿಯಲಿಲ್ಲ.

ಮೂಲ ಮ್ಯಾನಿಫೋಲ್ಡ್ ಉಳಿಸಿ, 45 ಮಿ.ಮೀ. ಪೈಪು, ಮಧ್ಯದಲ್ಲಿ ರೆಸೊನೇಟರ್, ಹಿಂದೆ ಒಳತಡೆ ಇರುವ ಸೈಲೆನ್ಸರ್ ಹಾಕಿದರು: 11,000. ಬಾಗುಗಳನ್ನು ಚಪ್ಪಟೆಯಾಗದಂತೆ ಮ್ಯಾಂಡ್ರೆಲ್‌ನಲ್ಲಿ ಬಗ್ಗಿಸಿದ ತುಂಡುಗಳಿಂದ ಬೆಸುಗೆ ಮಾಡಿಸಿದರು. ಕೈಯಲ್ಲಿ ಬಗ್ಗಿಸಿದ ಪೈಪು ಬಾಗಿನಲ್ಲಿ ಸುಕ್ಕುಗಟ್ಟಿ ಕಿರಿದಾಗುತ್ತದೆ. ಕೊಟ್ಟ ವ್ಯಾಸದ ದುಡ್ಡು ಅಲ್ಲಿ ದಂಡ.

ಆಮೇಲೆ ಮಂಗಳೂರಿನ ಟ್ಯೂನರೊಬ್ಬರಿಂದ ಹೊಗೆಯಿಂದ ಮಿಶ್ರಣ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್ ತಂದು, ಸೈಲೆನ್ಸರ್ ಪೈಪಿಗೆ ಬುಂಗ್ (ಸೆನ್ಸರ್ ಕೂರಿಸುವ ಬಾಯಿ) ಬೆಸೆದು ಅಳೆದರು. ಮೀಟರಿನಲ್ಲಿ 14.7ರ ಮಾಪಕ ನೋಡಿದರೆ ಇ20ಯಲ್ಲಿ ಗೊಂದಲ. ಲ್ಯಾಂಬ್ಡಾ ಮಾಪಕಕ್ಕೆ ಬದಲಿಸಿಕೊಳ್ಳಬೇಕು, ಇಂಧನ ಯಾವುದಾದರೂ ಅಲ್ಲಿ 1 ಎಂದರೆ ಸಮತೋಲ. ಪೂರ್ತಿ ಥ್ರಾಟಲಿನಲ್ಲಿ ಲ್ಯಾಂಬ್ಡಾ 1.03 ಬಂತು. ಅದು 0.87ರಿಂದ 0.90 ನಡುವೆ ಇರಬೇಕು. ಜೆಟ್ಟಿನ ಲೆಕ್ಕ ಸರಳ: ಹರಿವು ತೂತಿನ ವಿಸ್ತೀರ್ಣಕ್ಕೆ ತಕ್ಕಂತೆ, ಅಂದರೆ ವ್ಯಾಸದ ವರ್ಗಕ್ಕೆ. 1.03ರಿಂದ 0.89ಕ್ಕೆ ಬರಲು ಶೇ 16ರಷ್ಟು ಹೆಚ್ಚು ಇಂಧನ ಬೇಕು, ಅದಕ್ಕೆ ವ್ಯಾಸ ಶೇ 7.5ರಷ್ಟು ಹಿಗ್ಗಿದರೆ ಸಾಕು, 1.10 ಮಿ.ಮೀ. ಇದ್ದರೆ 1.18ರ ಹತ್ತಿರ. ಸೂಜಿ, ತಂತಿ ಹಾಕಿ ತೂತು ಕೊರೆಯುವ ಅಭ್ಯಾಸವನ್ನು ಬಿಡಬೇಕು, ಮರಳಿ ಚಿಕ್ಕದು ಮಾಡಲು ಬರುವುದಿಲ್ಲ. ಅಂಕಿ ಇರುವ ಜೆಟ್‌ಗಳ ಸೆಟ್ ತರಿಸಿ, ಚಿಕ್ಕದರಿಂದ ದೊಡ್ಡದಕ್ಕೆ ಒಂದೊಂದೇ ಹಾಕಿ ನೋಡುತ್ತ 0.89ಕ್ಕೆ ನಿಲ್ಲಿಸಿದರು. ಇಷ್ಟಕ್ಕೆ 6,000.

ಕೊನೆಯ ಅಳತೆ 10.1 ಸೆಕೆಂಡು.

ಫಲ ಮತ್ತು ಉಳಿದದ್ದು

14.2ರಿಂದ 10.1. ಇದರಲ್ಲಿ ಕಂಪನಿ ಕೊಟ್ಟದ್ದಕ್ಕಿಂತ ಹೆಚ್ಚಿನ ಶಕ್ತಿ ಉಂಟೋ ಇಲ್ಲವೋ ಗೊತ್ತಿಲ್ಲ; ಬಹುಪಾಲು ಕಳೆದುಹೋದದ್ದು ಮರಳಿದ್ದು. ಹಾಗೆಂದು ಅದು ಕಡಿಮೆಯ ಫಲವಲ್ಲ. ಸಂಪಾಜೆಯ ಏರಿನಲ್ಲಿ ಎರಡನೇ ಗೇರಿಗೆ ಇಳಿಸಬೇಕಾಗುತ್ತಿದ್ದ ಕಡೆ ಈಗ ಮೂರನೆಯದು ಎಳೆಯುತ್ತದೆ. ಹೊಗೆ ಪರೀಕ್ಷೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ 1.9, ಈ ಕಾಲದ ಕಾರಿಗೆ ಮಿತಿ ಶೇ 3. ಆರ್‌ಸಿಯ ಯಾವ ವಿವರವೂ ಬದಲಾಗಿಲ್ಲ.

ಒಟ್ಟು ಖರ್ಚು, ಬಿಸುಟ ಸೈಲೆನ್ಸರ್ ಸೇರಿ, 1,37,500. ಕೊಟ್ಟ ರೂಪಾಯಿಗೆ ಹೆಚ್ಚು ಫಲ ಕೊಟ್ಟವು ಕೇಬಲ್, ಟಪ್ಪೆಟ್, ಡಿಸ್ಟ್ರಿಬ್ಯೂಟರ್, ಜೆಟ್. ಇವು ಯಾವುವೂ ಗೆಳೆಯರ ಪಟ್ಟಿಯಲ್ಲಿ ಇರಲಿಲ್ಲ, ಏಕೆಂದರೆ ಇವು ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಕೇಳುವುದಿಲ್ಲ. ಬ್ರೇಕು, ಟಯರು, ಬುಷ್‌ಗೆ ಹೋದ 64,000 ಪಿಕಪ್ಪಿಗೆ ಹೆಚ್ಚೇನೂ ಸೇರಿಸಲಿಲ್ಲ, ಆದರೆ ಉಳಿದ ಎಲ್ಲವನ್ನೂ ಬಳಸುವ ಧೈರ್ಯ ಬಂದದ್ದು ಅದರಿಂದ. ಬೇರೆ ಕಾರಿನವರು ಇದೇ ಪಟ್ಟಿಯನ್ನು ನಕಲು ಮಾಡುವುದು ಬೇಡ. ಟಪ್ಪೆಟ್ ಸರಿಪಡಿಸಿದ ಮೇಲೂ ಕಂಪ್ರೆಷನ್ ಅಂಕಿ 100ಕ್ಕೆ ಇಳಿದಿದ್ದರೆ, ಅಥವಾ ನಾಲ್ಕರ ನಡುವಿನ ಅಂತರ ಶೇ 15 ದಾಟಿದ್ದರೆ, ಇದೇ ಹಣ ಎಂಜಿನ್ ಬಿಚ್ಚುವುದಕ್ಕೆ ಹೋಗಬೇಕಿತ್ತು. ನಕಲು ಮಾಡಬೇಕಾದದ್ದು ಅಳತೆಯ ದಿನವನ್ನು.

ಉಳಿದ 22,500 ರೂಪಾಯಿಗೆ ಅಳಿಯ ಮತ್ತೆ ಹೆಡರಿನ ಮಾತೆತ್ತಿದ. ಮೆಕ್ಯಾನಿಕ್ ಬೇಡ ಎನ್ನಲಿಲ್ಲ, ಕ್ರಮ ಹೇಳಿದರು: ಮೂರನೇ ಸಿಲಿಂಡರನ್ನು 5,000 ಕಿ.ಮೀ. ಆದ ಮೇಲೆ ಮತ್ತೆ ಅಳೆಯುವುದು. 141 ಹಾಗೇ ಉಳಿದಿದ್ದರೆ 4-2-1 ಹೆಡರ್ ಮಾಡಿಸಿ ಜೆಟ್ ಮತ್ತೊಮ್ಮೆ ಸರಿಪಡಿಸುವುದು. ಇಳಿದಿದ್ದರೆ ಆ ಹಣದಲ್ಲಿ ಹೆಡ್ ಇಳಿಸಿ ವಾಲ್ವ್ ಉಜ್ಜಿಸಿ, ಗ್ಯಾಸ್ಕೆಟ್ ಬದಲಿಸುವುದು. ಸೈಲೆನ್ಸರ್ ಪೈಪಿನ ಬುಂಗಿಗೆ ಮುಚ್ಚಳ ಹಾಕಿ ಬಿಟ್ಟಿದ್ದಾರೆ, ಮುಂದಿನ ಸಲ ಮೊದಲು ಅಳೆದು ಆಮೇಲೆ ಪೈಪ್ ಮುಟ್ಟುವುದಕ್ಕೆ.